ಈ ಶನಿವಾರ ನಮ್ಮನೇಲೇ ಟಾಕೀಸು!

ಸಿನಿಮಾ ಅಂದ್ರೆ ಯಾರಿಗೆ ತಾನೇ ಇಷ್ಟವಿಲ್ಲ ಹೇಳಿ? ಆದರೆ ಒಂದು ಸಿನಿಮಾವನ್ನು ಹೆಸರು ಬೀಳುವಲ್ಲಿಂದ ‘ಶುಭಂ’ ತನಕ, ನಡುವೆ ಒಮ್ಮೆಯೂ ಏಳದೆ ನೋಡಿ ಎಷ್ಟು ದಿನವಾಯ್ತು? ಸ್ವಲ್ಪ ನೆನಪು ಮಾಡ್ಕೊಳ್ಳಿ. ಟೀವಿಯಲ್ಲಿ ನಾಯಕಿ ಅಳುವ ಹೊತ್ತಿಗೇ ನಮ್ಮ ಕುಕ್ಕರ್ ಮೂರನೇ ಸೀಟಿ ಹೊಡೆದಿರುತ್ತೆ. ಒಲೆ ಆರಿಸಿ ಬರುವಷ್ಟರಲ್ಲಿ ಅವಳಿಗೆ ಮದುವೆಯೂ ಆಗಿರುತ್ತೆ! “ಏನಾಯ್ತ್ರೀ?” ಅಂತ ಕೇಳಿದರೆ, “ಆಮೇಲೆ ಹೇಳ್ತೀನಿ, ಸುಮ್ನಿರು” ಅನ್ನುವ ಉತ್ತರ.

ಹಾಗಂತ ಗೆಳತಿಯರ ಜೊತೆ ಥಿಯೇಟರಿಗೆ ಹೋಗೋಣವೆಂದರೆ ಟಿಕೆಟ್ಟು, ಪಾಪ್‌ಕಾರ್ನು, ಆಟೋ ಎಲ್ಲ ಸೇರಿ ತಿಂಗಳ ಹಾಲಿನ ಲೆಕ್ಕ ಕಣ್ಣ ಮುಂದೆ ಬರುತ್ತೆ. ಅದಕ್ಕೇ ತಿಂಗಳಿಗೊಂದು ಶನಿವಾರ ಸಂಜೆ ನಾಲ್ಕೈದು ಜನ ಗೆಳತಿಯರು ಒಬ್ಬರ ಮನೆಯಲ್ಲಿ ಸೇರಿ ಸಿನಿಮಾ ನೋಡಿದರೆ ಹೇಗೆ? ಎಂಬತ್ತು, ತೊಂಬತ್ತರ ದಶಕದಲ್ಲಿ ವಿಸಿಆರ್ ಬಾಡಿಗೆಗೆ ತಂದು, ಅಕ್ಕಪಕ್ಕದವರೆಲ್ಲ ಚಾಪೆ ಹಾಸಿಕೊಂಡು ರಾತ್ರಿಯಿಡೀ ನೋಡುತ್ತಿದ್ದರಲ್ಲ, ಅದೇ ಖುಷಿ.

ಮೊದಲ ಸಲ ನಮ್ಮನೇಲಿ ಸೇರಿದಾಗ ನಾನೊಂದು ತಪ್ಪು ಮಾಡಿದೆ. ಬೋಂಡ, ಕೇಸರಿಬಾತು, ಕಾಫಿ, ಎಲ್ಲ ಬಿಸಿಬಿಸಿಯಾಗಿಯೇ ಕೊಡಬೇಕು ಅನ್ನುವ ಹುಮ್ಮಸ್ಸಿನಲ್ಲಿ ಮೂರು ಗಂಟೆ ಬಾಣಲೆ ಮುಂದೆಯೇ ನಿಂತೆ. ಕೊನೆಗೆ ಒಬ್ಬರು “ಹೇಗಿತ್ರೀ ಸಿನಿಮಾ?” ಅಂದಾಗ ಏನು ಹೇಳಲಿ? ನಾನು ನೋಡಿದ್ದು ಬರೀ ಎಣ್ಣೆ! ಅವತ್ತೇ ಒಂದು ನಿಯಮ ಮಾಡಿಕೊಂಡೆವು: ಯಾರ ಮನೆಯಲ್ಲಿ ಸಿನಿಮಾವೋ ಅವರು ಅಡುಗೆಮನೆಗೆ ಕಾಲಿಡುವಂತಿಲ್ಲ.

ಇದಕ್ಕೆ ಮಾಡಬೇಕಾದ್ದು ಇಷ್ಟೇ. ತಿಂಡಿಯನ್ನು ಹಂಚಿಕೊಳ್ಳಿ. ಒಬ್ಬರು ಕೋಡುಬಳೆ, ಒಬ್ಬರು ನಿಪ್ಪಟ್ಟು, ಇನ್ನೊಬ್ಬರು ಬೇಯಿಸಿದ ಕಡಲೆಕಾಯಿ ತಂದರೆ ಆಯ್ತು. ಚುರುಮುರಿ ಮಾಡುವುದಾದರೆ ಈರುಳ್ಳಿ, ಟೊಮ್ಯಾಟೊ, ಕ್ಯಾರೆಟ್ ತುರಿ ಎಲ್ಲ ಬೇರೆ ಡಬ್ಬಿಯಲ್ಲಿಡಿ, ತಿನ್ನುವ ಹೊತ್ತಿಗಷ್ಟೇ ಪುರಿ ಬೆರೆಸಿ. ಮೊದಲೇ ಕಲಸಿಟ್ಟರೆ ಮೆತ್ತಗಾಗುತ್ತೆ. ಪಾಪ್‌ಕಾರ್ನ್‌ಗೆ ಅದರದೇ ಜೋಳ ಬೇಕು. ಅದರ ಗಟ್ಟಿ ಸಿಪ್ಪೆಯೊಳಗಿನ ತೇವ ಕಾದು ಆವಿಯಾಗಿ ಒಡೆದಾಗಲೇ ಅದು ಅರಳೋದು. ದಪ್ಪ ತಳದ ಪಾತ್ರೆಗೆ ಎರಡು ಚಮಚ ಎಣ್ಣೆ, ಕಾಲು ಕಪ್ ಜೋಳ ಹಾಕಿ ಮುಚ್ಚಿದರೆ ಒಂದು ದೊಡ್ಡ ಬೋಗುಣಿ ತುಂಬುತ್ತೆ. ಕಾಫಿ ಡಿಕಾಕ್ಷನ್ ಮಧ್ಯಾಹ್ನವೇ ಇಳಿಸಿ, ಬೆರೆಸಿ ಫ್ಲಾಸ್ಕಿಗೆ ಹಾಕಿಬಿಡಿ.

ಯಾವ ಸಿನಿಮಾ ಅನ್ನೋದನ್ನು ಎರಡು ದಿನ ಮೊದಲೇ ತೀರ್ಮಾನಿಸಿ. ಇಲ್ಲದಿದ್ದರೆ ರಿಮೋಟ್ ಹಿಡಿದು ಹುಡುಕೋದ್ರಲ್ಲೇ ಒಂದು ಗಂಟೆ ಕಳೆದುಹೋಗುತ್ತೆ. ಸರದಿ ಪ್ರಕಾರ ಒಬ್ಬೊಬ್ಬರು ಆರಿಸಲಿ, ಉಳಿದವರು ಮೂಗು ಮುರಿಯಬಾರದು. ನಕ್ಕು ಹಗುರಾಗಬೇಕಾ? ಅನಂತನಾಗ್ ಅವರ ‘ಗಣೇಶನ ಮದುವೆ’ (1990) ಇದೆ. ಹೊಸದು ಬೇಕಾ? ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ನೋಡಿ, ಪಕ್ಕದಲ್ಲಿ ಕರವಸ್ತ್ರ ಇರಲಿ. ಬೇರೆ ಭಾಷೆಯ ಗೆಳತಿಯರಿದ್ದರೆ ಸಬ್‌ಟೈಟಲ್ ಇರುವುದನ್ನೇ ಆರಿಸಿ. ಇಂಟರ್‌ನೆಟ್, ಕೇಬಲ್ ಎಲ್ಲ ಸರಿಯಿದೆಯಾ ಅಂತ ಹಿಂದಿನ ದಿನವೇ ನೋಡಿಕೊಳ್ಳಿ. ಹಳೆಯ ಚಿತ್ರಗಳು ಎರಡೂವರೆ, ಮೂರು ಗಂಟೆ ಇರುತ್ತವೆ. ಸಂಜೆ ಐದೂವರೆಗೆ ಶುರು ಮಾಡಿದರೆ ಹರಟೆಗೂ ಸಮಯ ಸಿಗುತ್ತೆ. ಟೀವಿಯ ಹಿಂದೆ ಒಂದು ಸಣ್ಣ ದೀಪ ಉರಿಯಲಿ, ಕಣ್ಣಿಗೆ ಆಯಾಸವಾಗಲ್ಲ. ಗೋಡೆಯಾಚೆ ಪರೀಕ್ಷೆಗೆ ಓದುವ ಮಕ್ಕಳಿರಬಹುದು, ಶಬ್ದ ಹಿತಮಿತವಾಗಿರಲಿ. ಇಂಟರ್ವಲ್ ಮಾತ್ರ ಖಂಡಿತ ಬೇಕು. ಫೋನು ಅಲ್ಲಿಯವರೆಗೆ ಚೀಲದಲ್ಲೇ ಇರಲಿ.

“ಮನೆಯಲ್ಲಿ ಊಟಕ್ಕೆ ಏನು ಮಾಡೋದು?” ಅಂತೀರಾ? ಸಾರು ಮಾಡಿಟ್ಟು ಹೋಗಿ, ಅನ್ನ ಅವರೇ ಇಟ್ಕೊಳ್ಳಲಿ. ಒಂದು ಲೋಟ ಅಕ್ಕಿಗೆ ಎಷ್ಟು ನೀರು ಅನ್ನೋದನ್ನು ಯಜಮಾನರೂ ಮಕ್ಕಳೂ ಒಂದಲ್ಲ ಒಂದು ದಿನ ಕಲಿಯಲೇಬೇಕಲ್ಲ!

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮ ಮೂರನೇ ಸಿನಿಮಾ ‘ಶರಪಂಜರ’. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದ ಚಿತ್ರ. ಮನಸ್ಸು ಕದಡಿ ಆಸ್ಪತ್ರೆ ಸೇರಿದ ಬಾಣಂತಿ ಗುಣವಾಗಿ ಮನೆಗೆ ಬಂದರೂ ಯಾರೂ ಅವಳನ್ನು ಮೊದಲಿನಂತೆ ನೋಡುವುದಿಲ್ಲ. ಆ ಕಾವೇರಿಯಾಗಿ ಕಲ್ಪನಾ ಅಭಿನಯ ನೋಡಿದ ಮೇಲೆ ನಮಗ್ಯಾರಿಗೂ ಮಾತೇ ಹೊರಡಲಿಲ್ಲ. ಕಾಫಿ ಕುಡಿಯುತ್ತಾ, ಯಾವಾಗಲೂ ನಗಿಸುವ ಗೆಳತಿಯೊಬ್ಬಳು ಮೆಲ್ಲಗೆ ಹೇಳಿದಳು, “ಎರಡನೇ ಹೆರಿಗೆ ಆದ್ಮೇಲೆ ನನಗೂ ಹೀಗೇ ಆಗಿತ್ತು ಕಣ್ರೇ. ಮಗೂನ ಎತ್ಕೊಳ್ಳೋಕೇ ಭಯ. ಯಾರಿಗೂ ಹೇಳಿರಲಿಲ್ಲ.” ಹತ್ತು ವರ್ಷದಿಂದ ಅವಳು ನಮ್ಮ ಗೆಳತಿ. ದಿನಾ ತರಕಾರಿ ಗಾಡಿ ಹತ್ತಿರ ಸಿಗುತ್ತಿದ್ದಳು. ಬೆಲೆ ಬಿಟ್ಟು ನಾವು ಬೇರೇನೂ ಮಾತಾಡಿರಲಿಲ್ಲ! (ಇದನ್ನು ಬರೆಯಲಾ ಅಂತ ಅವಳನ್ನೇ ಕೇಳಿದೆ. “ಬರೀ, ಇನ್ನೊಬ್ಬರಿಗೆ ಧೈರ್ಯ ಬರಲಿ. ಹೆಸರು ಮಾತ್ರ ಬೇಡ” ಅಂದಳು.)

ಆದ್ದರಿಂದ ಕೊನೆಯ ಎರಡು ಕಿವಿಮಾತು. ಸಿನಿಮಾ ಮುಗಿದ ತಕ್ಷಣ ಎದ್ದು ಓಡಬೇಡಿ, ಅರ್ಧ ಗಂಟೆ ಕೂತು ಮಾತಾಡಿ. ಅಲ್ಲಿ ಕೇಳಿದ್ದನ್ನು ಅಲ್ಲಿಗೇ ಬಿಡಿ, ಮೆಟ್ಟಿಲಿಳಿಯುವಾಗ ಜೊತೆಗೆ ತರಬೇಡಿ. ಗೆಳತಿಯ ಕಷ್ಟ ಮಾತಿಗೆ ಮೀರಿದ್ದು ಅನ್ನಿಸಿದರೆ ವೈದ್ಯರ ಹತ್ತಿರ ಹೋಗಲು ಜೊತೆಯಾಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕೂಡ ಇದೆ, ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಮಾತಾಡಬಹುದು.

ಮುಂದಿನ ತಿಂಗಳು ಸಿನಿಮಾ ಆರಿಸುವ ಸರದಿ ಅವಳದೇ. “ಈ ಸಲ ಬರೀ ನಗೋದು” ಅಂತ ಆಗಲೇ ಆಜ್ಞೆಯಾಗಿದೆ. ಕೋಡುಬಳೆ ನನ್ನ ಪಾಲಿಗೆ ಬಂದಿದೆ. ಮತ್ತೆ ನೀವು ಯಾವಾಗ ಶುರು ಮಾಡ್ತೀರಿ?