ಯಾವ ಡ್ರಿಪ್ ಹಾಕಿದ್ದೀರಿ ಎಂದು ಮೊದಲು ಕೇಳಿ


ಇಲ್ಲಿ ಜಪಾನಿನಲ್ಲಿ ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ರಕ್ತದಲ್ಲಿ ಬೀಟಾ-ಡಿ-ಗ್ಲುಕಾನ್ ಏರಿತ್ತು. ಶಿಲೀಂಧ್ರ ಸೋಂಕೆಂದು ನನ್ನ ಕೈಕಾಲು ತಣ್ಣಗಾಯಿತು. ವೈದ್ಯರು ಮಾತ್ರ ಮೊದಲು ಡ್ರಿಪ್ ಪಟ್ಟಿ ನೋಡಿದರು. ಹಿಂದಿನ ದಿನ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟಿದ್ದರು. ತಯಾರಿಕೆಯ ಸೆಲ್ಯುಲೋಸ್ ಫಿಲ್ಟರಿನಿಂದ ಇದೇ ಗ್ಲುಕಾನ್ ಅದರೊಳಗೆ ಸೇರಬಹುದು. ಆಲ್ಬುಮಿನ್ ಕಥೆಯೂ ಅದೇ. ಕೆಲ ದಿನ ಬಿಟ್ಟು ನೋಡಿದಾಗ ಅಂಕಿ ಇಳಿದಿತ್ತು.

ಇನ್ನೊಂದು ತೊಡಕಿದೆ. ಜಪಾನಿನ ವಾಕೋ ಪರೀಕ್ಷೆಗೆ 11 ಪಿಕೋಗ್ರಾಂ ಗಡಿ, ಅಮೆರಿಕದ ಫಂಗಿಟೆಲ್‌ಗೆ 80. ಬರೀ ಅಂಕಿ ಹಿಡಿದು ಬೆಂಗಳೂರಿಗೆ ಹೋದರೆ ಏನರ್ಥ? (2021ರಲ್ಲಿ ನಮ್ಮೂರನ್ನು ನಡುಗಿಸಿದ ಕಪ್ಪು ಶಿಲೀಂಧ್ರವನ್ನಂತೂ ಈ ಪರೀಕ್ಷೆ ನೆಚ್ಚುವಂತೆ ಹಿಡಿಯದು.) ವರದಿಯಲ್ಲೇ ಕಿಟ್ಟಿನ ಹೆಸರು, ಹಿಂದಿನ ದಿನಗಳ ಡ್ರಿಪ್ಪುಗಳು ಅಚ್ಚಾಗಬೇಕು. ಅಲ್ಲಿಯವರೆಗೆ ರೋಗಿಯ ಕಡೆಯವರೇ ಬರೆದಿಡಿ.