ಉದ್ಯಾನದ ಪಾರಿವಾಳಗಳನ್ನು ಕೊಲ್ಲುವವರಾರು?

ನಗರದ ಉದ್ಯಾನಗಳಲ್ಲಿ ಬೆಳಗಿನ ಹೊತ್ತು ಪಾರಿವಾಳದ ಗರಿಗಳು ರಾಶಿಯಾಗಿ ಬಿದ್ದಿರುವುದನ್ನು ಕಂಡೊಡನೆ, ಹದ್ದುಗಳನ್ನು ಓಡಿಸಬೇಕೆಂದೂ ಅವು ಗೂಡುಕಟ್ಟುವ ಕೊಂಬೆಗಳನ್ನು ಕಡಿಸಬೇಕೆಂದೂ ಅಧಿಕಾರಿಗಳಲ್ಲಿ ಮೊರೆಯಿಡುವ ದಯಾಳುಗಳು ನಮ್ಮಲ್ಲಿ ಕಡಮೆಯಿಲ್ಲ. ಅವರ ಭೂತದಯೆಯನ್ನು ನಾವು ಹಳಿಯುವವರಲ್ಲ. ಆದರೆ ಸಾಕ್ಷ್ಯವನ್ನು ವಿಚಾರಿಸದೆ ತೀರ್ಪು ಕೊಡುವುದು ಮನುಷ್ಯರ ವಿಷಯದಲ್ಲಿ ಹೇಗೋ ಪಕ್ಷಿಗಳ ವಿಷಯದಲ್ಲಿಯೂ ಹಾಗೆಯೇ ಅನ್ಯಾಯವು. 1870ರಲ್ಲಿ ಏರ್ಪಟ್ಟ ಬೆಂಗಳೂರಿನ ಕಬ್ಬನ್ ಉದ್ಯಾನದ ಮಗ್ಗುಲಲ್ಲಿಯೇ ಉಚ್ಚ ನ್ಯಾಯಾಲಯವಿರುವುದಷ್ಟೆ. ಅಲ್ಲಿನ ನ್ಯಾಯವು ಮರಗಳ ನೆಳಲಿಗೂ ಸ್ವಲ್ಪ ಹರಿದುಬಂದರೆ ತಪ್ಪೇನು?

ಮೊದಲು ನೋಡತಕ್ಕದ್ದು ಗರಿಯ ಬುಡವನ್ನು. ಗಿಡುಗನ ಜಾತಿಯ ಪಕ್ಷಿಗಳು ಬೇಟೆಯನ್ನು ಕಾಲಿನಿಂದ ಅದುಮಿ ಹಿಡಿದು, ಕೊಕ್ಕಿನಿಂದ ಗರಿಗಳನ್ನು ಒಂದೊಂದಾಗಿ ಕೀಳುತ್ತವೆ. ಆದುದರಿಂದ ಗರಿಯ ದಂಟು ಬುಡದವರೆಗೂ ಇಡಿಯಾಗಿ ಉಳಿದಿರುವುದು. ಕೆಲವುಸಲ ಅದರ ಮೇಲೆ ಕೊಕ್ಕಿನ ಗೀರು ಕಾಣುವುದು. ಬೆಕ್ಕು, ನಾಯಿ, ಮುಂಗುಸಿಗಳಿಗೆ ಹಲ್ಲೇ ಆಯುಧ. ಅವು ಗರಿಗಳನ್ನು ಕಚ್ಚಿ ತುಂಡರಿಸುತ್ತವೆ. ದಂಟು ಮುರಿದಿರುತ್ತದೆ, ಗರಿಗಳು ಜೊಲ್ಲಿನಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎರಡನೆಯ ಸಾಕ್ಷಿ ಎದೆಯ ಮೂಳೆ. ಅದರ ಏಣಿನಲ್ಲಿ ಸಣ್ಣ ಕಚ್ಚುಗಳಿದ್ದು, ಮಾಂಸ ತೀರಿ, ರೆಕ್ಕೆಗಳೆರಡೂ ಮೂಳೆಗೆ ಕೂಡಿಕೊಂಡೇ ಉಳಿದಿದ್ದರೆ ಅದು ಬಹುಮಟ್ಟಿಗೆ ಡೇಗೆಯ ಊಟವೆಂದು ತಿಳಿಯಬಹುದು.

ಇಷ್ಟರಿಂದಲೇ ಹದ್ದಿನ ಮೇಲಣ ಆರೋಪವು ಎಷ್ಟು ದುರ್ಬಲವೆಂಬುದು ಗೊತ್ತಾಗುವುದು. ನಗರದ ಹದ್ದು ಮುಖ್ಯವಾಗಿ ಕಸ ಮತ್ತು ಸತ್ತ ಪ್ರಾಣಿಗಳನ್ನು ತಿಂದು ಬದುಕುವ ಜೀವಿ. ಮರಿಗಳನ್ನೋ ರೋಗದಿಂದ ಬಿದ್ದವನ್ನೋ ಅದು ಎತ್ತುವುದುಂಟಾದರೂ, ಬಲಿತ ಪಾರಿವಾಳವನ್ನು ಗಾಳಿಯಲ್ಲಿ ಹಿಡಿಯುವುದು ಅದರ ಕಸುಬಲ್ಲ. ಹೆಣದ ಮೇಲೆ ಕುಳಿತಿದ್ದುದನ್ನು ನೋಡಿದವರು ಕೊಂದುದನ್ನೂ ನೋಡಿದೆವೆಂದು ಭಾವಿಸುತ್ತಾರೆ. ಶಿಕ್ರವೆಂಬ ಚಿಕ್ಕ ಗಿಡುಗವು ಓತಿ, ಅಳಿಲು, ಸಣ್ಣ ಹಕ್ಕಿಗಳಿಂದಲೇ ಹೊಟ್ಟೆ ಹೊರೆಯುವುದು. ಬಲಿತ ಪಾರಿವಾಳವು ತೂಕದಲ್ಲಿ ಅದನ್ನು ಮೀರಿದ್ದು. ಪಾರಿವಾಳಕ್ಕೆ ನಿಜವಾದ ಯಮನೆಂದರೆ ಪೆರಿಗ್ರೀನ್ ಎಂಬ ದೊಡ್ಡ ಡೇಗೆ ಮತ್ತು ಅದರ ದೇಶೀಯ ಭೇದವಾದ ಶಾಹೀನ್. ಮೊದಲನೆಯದು ಚಳಿಗಾಲದಲ್ಲಿ ಉತ್ತರದಿಂದ ಬಂದು ಹೋಗುವ ಅತಿಥಿ. ಮೊಟ್ಟೆ ಮರಿಗಳನ್ನು ಕದಿಯುವುದರಲ್ಲಿ ಕಾಗೆಯ ಕೈವಾಡವು ಎಲ್ಲರೂ ಬಲ್ಲ ಸಂಗತಿ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಶ್ಯೇನವಿನೋದಕ್ಕೆ ಪ್ರತ್ಯೇಕ ಸ್ಥಾನವುಂಟು. ವಿಜಯನಗರದ ಸಿಂಹಾಸನವನ್ನೇರಿದ ಸಾಳುವ ವಂಶದ ಹೆಸರು ಬೇಟೆಯ ಗಿಡುಗನ ಹೆಸರೇ ಆಗಿದೆ. ಇಂಥ ನಾಡಿನಲ್ಲಿ ಕೊಕ್ಕು ಬಾಗಿದ ಹಕ್ಕಿಯೆಲ್ಲ ಹದ್ದೆನಿಸಿಕೊಳ್ಳುವುದು ನಮ್ಮ ವಿದ್ಯಾವಂತರಿಗೆ ಭೂಷಣವಲ್ಲ.

ಹಿಂಸ್ರ ಪ್ರಾಣಿಗಳನ್ನು ಕರೆತರುವವರು ಯಾರೆಂಬುದೂ ವಿಚಾರಾರ್ಹವು. ಪುಣ್ಯಾರ್ಥವಾಗಿ ಮೂಟೆಗಟ್ಟಲೆ ಧಾನ್ಯವನ್ನು ಒಂದೇ ಕಡೆ ಚೆಲ್ಲಿದರೆ ನೂರಾರು ಪಾರಿವಾಳಗಳು ತಲೆ ತಗ್ಗಿಸಿ ಮೇಯುತ್ತವೆ. ಪಕ್ಕದ ಪೊದೆಯಲ್ಲಿ ಬೆಕ್ಕು ಹೊಂಚುತ್ತದೆ, ಉಳಿದ ಕಾಳಿಗೆ ಇಲಿ ಹೆಗ್ಗಣಗಳು ಬರುತ್ತವೆ. ಒಣಗಿದ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶಕ್ಕೆ ಕೇಡೆಂದು ವೈದ್ಯರು ಎಚ್ಚರಿಸಿದ್ದಾರೆ. 2025ರಲ್ಲಿ ಮುಂಬಯಿಯ ಕಬೂತರಖಾನೆಗಳ ವಿವಾದವು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದುದು ಇದರಿಂದಲೇ. ದಾನಿಗಳು ಕೋಪಿಸಿಕೊಂಡರೂ ಹೇಳದೆ ವಿಧಿಯಿಲ್ಲ: ಆ ಧಾನ್ಯವನ್ನು ಉಣ್ಣತಕ್ಕ ಮಕ್ಕಳು ಅದೇ ಬೀದಿಯಲ್ಲಿದ್ದಾರೆ.

ಇನ್ನೊಬ್ಬ ಕೊಲೆಗಾರನಿಗೆ ಕೊಕ್ಕೂ ಇಲ್ಲ, ಹಲ್ಲೂ ಇಲ್ಲ. ಗಾಳಿಪಟದ ನೈಲಾನ್ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2017ರಲ್ಲಿಯೇ ನಿಷೇಧಿಸಿತು. ರೆಕ್ಕೆಯ ಸಂದಿನಲ್ಲಿ ನೇರವಾಗಿ ಕೊಯ್ದ ಗಾಯವಿದ್ದರೆ ಗಿಡುಗನನ್ನು ಹುಡುಕುವ ಮುನ್ನ ಕೊಂಬೆಗೆ ತೊಡರಿದ ದಾರವನ್ನು ಹುಡುಕುವುದು ಲೇಸು. ಆ ದಾರಕ್ಕೆ ಹದ್ದುಗಳೂ ಬಲಿಯಾಗುತ್ತಿವೆ.

ಗಿಡುಗ ಹದ್ದುಗಳನ್ನು ಕೊಲ್ಲುವುದಾಗಲಿ, ಅವುಗಳ ಗೂಡು ಕೆಡಿಸುವುದಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವು. ಅರ್ಜಿ ಬಂದಿತೆಂದು ಕೊಂಬೆ ಕಡಿಸಲು ಹೊರಡುವ ಅಧಿಕಾರಿಯು ತಾನೇ ಆ ಕಾಯಿದೆಗೆ ಗುರಿಯಾದಾನು. ಅದಕ್ಕೆ ಬದಲಾಗಿ ತೋಟಗಾರಿಕೆಯ ಇಲಾಖೆಯವರು ಪ್ರತಿ ಉದ್ಯಾನದ ಕಾವಲುಗಾರನ ಕೈಗೆ ಒಂದು ಪುಸ್ತಕವನ್ನು ಕೊಟ್ಟು, ಸತ್ತ ಹಕ್ಕಿ ಸಿಕ್ಕ ಜಾಗ, ಹೊತ್ತು, ಗರಿಯ ಬುಡದ ಸ್ಥಿತಿ ಇಷ್ಟನ್ನು ಬರೆಯಿಸಲಿ. ಹೆಣವನ್ನು ಬರಿಗೈಯಿಂದ ಮುಟ್ಟದಂತೆ ಕೈಚೀಲವನ್ನೂ ಒದಗಿಸಲಿ. ಒಂದು ಮಳೆಗಾಲ, ಒಂದು ಚಳಿಗಾಲ ಕಳೆದು ಆ ಪುಸ್ತಕವನ್ನು ಓದಿನೋಡುವ ತನಕ ಯಾವ ಮರಕ್ಕೂ ಕೊಡಲಿಯನ್ನು ಮುಟ್ಟಿಸದಿರಲಿ.