ಅಳತೆ ನೋಡದೆ ಸುರಿದರೆ

ಭಾನುವಾರ ಬಂತೆಂದರೆ ಬಾಗಲಗುಂಟೆಯ ನಮ್ಮ ಮನೆಯ ಊಟದ ಮೇಜು ಮಗನ ಪ್ರಯೋಗಶಾಲೆ. ಎಂಜಿನಿಯರಿಂಗ್ ಓದುವ ಅವನು ಮೊನ್ನೆ ವೈರ್‌ಶಾರ್ಕ್ ಎಂಬ ತಂತ್ರಾಂಶ ತೆರೆದು ತಂಗಿಗೆ ತೋರಿಸುತ್ತಿದ್ದ. ನಾವು ಕಳಿಸುವ ಫೋಟೊ, ಮಾತು ಎಲ್ಲವೂ ಅಂತರ್ಜಾಲದಲ್ಲಿ ಸಾಗುವುದು ಪುಟ್ಟ ಪುಟ್ಟ ಪ್ಯಾಕೆಟ್‌ಗಳಾಗಿ. ಅವನ್ನು ಬಿಡಿಸಿ ಓದುವುದು ವೈರ್‌ಶಾರ್ಕ್‌ನ ಕೆಲಸ. 1998ರಲ್ಲಿ ಬೇರೆ ಹೆಸರಿನಿಂದ ಹೊರಬಂದ ಅದಕ್ಕೆ ಈಗಿನ ಹೆಸರು ಬಂದದ್ದು 2006ರಲ್ಲಿ.

ಅಷ್ಟರಲ್ಲಿ ‘ಹೊಸ ಆವೃತ್ತಿ ಬಂದಿದೆ’ ಎಂಬ ಸೂಚನೆ ಮೂಡಿತು. “ಆಮೇಲೆ ನೋಡೋಣ” ಎಂದು ಮಗ ಅದನ್ನು ಮುಚ್ಚಿದ.

“ಬರೀ ಓದುವುದಕ್ಕೆ ಏನಪ್ಪಾ ಅಪಾಯ?” ಎಂದು ಮಗಳು ನನ್ನನ್ನು ಕೇಳಿದಳು.

ಅಡುಗೆಮನೆಯಿಂದ ಸಕ್ಕರೆ ಡಬ್ಬಿ, ಉಪ್ಪಿನ ಡಬ್ಬಿ ತಂದು ಪಕ್ಕಪಕ್ಕ ಇಟ್ಟೆ. “ಪೊಟ್ಟಣದ ಮೇಲೆ ಒಂದು ಕೆ.ಜಿ. ಅಂತ ಬರೆದಿದೆ, ಒಳಗೆ ಎರಡು ಕೆ.ಜಿ. ಇದೆ ಅಂದುಕೋ. ಚೀಟಿ ನಂಬಿ ಒಂದು ಕೆ.ಜಿ.ಯ ಡಬ್ಬಿಗೆ ಸುರಿದರೆ?”

“ಉಪ್ಪಿಗೆಲ್ಲಾ ಸಕ್ಕರೆ!”

ಕಂಪ್ಯೂಟರಿನ ಮೆಮೊರಿಯಲ್ಲೂ ಹೀಗೇ. ಪಕ್ಕದ ಡಬ್ಬಿಯಲ್ಲಿ ‘ಮುಂದೇನು ಮಾಡಬೇಕು’ ಎಂಬ ಸೂಚನೆ ಇರಬಹುದು. ಅದರ ಮೇಲೆ ಕಿಡಿಗೇಡಿಯ ಸೂಚನೆ ಬಿದ್ದರೆ ಯಂತ್ರ ಅದನ್ನೇ ಪಾಲಿಸುತ್ತದೆ. ವೈರ್‌ಶಾರ್ಕ್‌ನ ಬಹುಪಾಲು ಬರೆದಿರುವುದು ಸಿ ಭಾಷೆಯಲ್ಲಿ. ಆ ಭಾಷೆ ತಾನಾಗಿ ಅಳತೆ ನೋಡುವುದಿಲ್ಲ, ಬರೆಯುವವರೇ ನೋಡಬೇಕು. ಎಲ್ಲೋ ಒಂದು ಕಡೆ ಮರೆತರೂ ಸಾಕು.

2004ರಲ್ಲಿ ಹೀಗೇ ಆಯಿತು. ಕಂಪ್ಯೂಟರನ್ನು ಕಾಯಲೆಂದೇ ಮಾಡಿದ ಬ್ಲ್ಯಾಕ್‌ಐಸ್ ಮುಂತಾದ ತಂತ್ರಾಂಶಗಳು ಪ್ಯಾಕೆಟ್ ಓದುವಾಗ ಅಳತೆ ತಪ್ಪುತ್ತಿದ್ದವು. ಆ ದೋಷದ ಸುದ್ದಿ ಹೊರಬಿದ್ದದ್ದು ಮಾರ್ಚ್ 18ರಂದು. ಸರಿಪಡಿಸಿದ ಆವೃತ್ತಿಯೂ ಸಿಗುತ್ತಿತ್ತು. ನಮ್ಮಲ್ಲಿ 20ರ ಬೆಳಿಗ್ಗೆಯಾಗಿದ್ದಾಗ ‘ವಿಟ್ಟಿ’ ಎಂಬ ಹುಳ ಹೊರಟಿತು. ಯಾರೂ ಏನನ್ನೂ ಒತ್ತಬೇಕಿರಲಿಲ್ಲ, ಪ್ಯಾಕೆಟ್ ಬಂದರೆ ಸಾಕಿತ್ತು. ಅದಕ್ಕೆ ಸಿಕ್ಕಿದ್ದು ಸುಮಾರು 12,000 ಕಂಪ್ಯೂಟರ್. ಬಹುಪಾಲು ಮುಕ್ಕಾಲು ಗಂಟೆಯೊಳಗೆ. ಹಾರ್ಡ್ ಡಿಸ್ಕಿನ ಮೇಲೆ ಕಸ ಬರೆಯುತ್ತಾ ಅದು ಜನರ ಕಡತಗಳನ್ನು ಹಾಳುಮಾಡಿತು. ಕಾವಲುಗಾರನಿದ್ದ ಮನೆಗೇ ಕಳ್ಳ ನುಗ್ಗಿದ್ದ, ಅದೂ ಕಾವಲುಗಾರನ ಕೈಯಿಂದಲೇ!

ಮಗ ಸುಮ್ಮನೆ ಕೇಳುತ್ತಿದ್ದ. “ಹಾಗಾದರೆ ಇದನ್ನು ಬಳಸಲೇಬಾರದಾ?”

“ಬಳಸು. ಹೊಸ ಆವೃತ್ತಿಯನ್ನು ಆಗಿಂದಾಗಲೇ ಹಾಕಿಕೋ. ಪೂರ್ತಿ ಅಧಿಕಾರ ಕೊಟ್ಟು ನಡೆಸಬೇಡ. ಗೊತ್ತಿಲ್ಲದವರು ಕಳಿಸಿದ ಕಡತ ತೆರೆಯಬೇಡ.”

ಹೆಸರಘಟ್ಟ ರಸ್ತೆಯ ನಮ್ಮ ದಿನಸಿ ಅಂಗಡಿಯವರು ಮೂಟೆಯ ಮೇಲೆ ತೂಕ ಬರೆದಿದ್ದರೂ ಮತ್ತೊಮ್ಮೆ ತಕ್ಕಡಿಗೆ ಹಾಕುತ್ತಾರೆ. ಅದು ಅನುಮಾನವಲ್ಲ, ಕಸುಬಿನ ಶಿಸ್ತು.

ಮಗಳು ಡಬ್ಬಿಗಳನ್ನು ಒಳಗಿಟ್ಟು ಬರುವಷ್ಟರಲ್ಲಿ ಮಗ ಹೊಸ ಆವೃತ್ತಿ ಇಳಿಸಿಕೊಳ್ಳುತ್ತಿದ್ದ. ‘ಆಮೇಲೆ’ ಎಂಬ ಮಾತು ಅವತ್ತಿನ ಮಟ್ಟಿಗೆ ಕೇಳಿಸಲಿಲ್ಲ.